ಹೊಗಳಿಕೆಯ ಲ್ಯಾಟಿನ್: ನಂಬಿಕೆ ಬೇರೆ, ನಿಜ ಬೇರೆ

ಲ್ಯಾಟಿನ್ನಿನಲ್ಲಿ 'ದೊಡ್ಡ' ಎಂಬುದಕ್ಕಿರುವ 'ಮ್ಯಾಗ್ನಸ್' ನಮ್ಮ 'ಮಹಾ' ಶಬ್ದದಿಂದಲೇ ಹುಟ್ಟಿತೆಂದು ಹಲವರು ನಂಬಿದ್ದಾರೆ. ನಂಟು ಇರುವುದು ನಿಜ, ಆದರೆ ಅದು ತಾಯಿ-ಮಗಳ ನಂಟಲ್ಲ, ಒಡಹುಟ್ಟಿದವರದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬರಹದಲ್ಲಿ ಉಳಿಯದ ಹಳೆಯ ಭಾಷೆಯೊಂದರಿಂದ ಕವಲೊಡೆದವು. ಗ್ರೀಕಿನ 'ಮೆಗಾಸ್' ಕೂಡ ಇದೇ ಬಳಗದ್ದು. ಇಂಥ ಸಮಾನ ಮೂಲ ಇದ್ದಿರಬೇಕೆಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಹೇಳಿದ್ದ.

ಮೂಲ ಒಂದೇ ಆದಮೇಲೆ ಯುರೋಪಿನ ಎಲ್ಲ ಭಾಷೆಗಳಲ್ಲೂ ಅರ್ಥ ಒಂದೇ ಇರುತ್ತದೆ ಎಂಬುದು ಇನ್ನೊಂದು ನಂಬಿಕೆ. ಹೊಸ ಭಾಷೆ ಕಲಿಯುವವರನ್ನು ನಿಜಕ್ಕೂ ಎಡವಿಸುವುದು ಇದೇ. 'ಎಗ್ರೇಗಿಯುಸ್' ಎಂದರೆ ಲ್ಯಾಟಿನ್ನಿನಲ್ಲಿ ಮಂದೆಯಿಂದ ಬೇರೆಯಾಗಿ ನಿಂತದ್ದು, ಅಂದರೆ ಶ್ರೇಷ್ಠವಾದದ್ದು. ಇಟಲಿಯವರು ಗೌರವದ ಕಾಗದ ಬರೆಯುವಾಗ ಇಂದಿಗೂ 'ಎಗ್ರೇಜೊ' ಎಂದು ಆರಂಭಿಸುವುದುಂಟು. ಅದೇ ಶಬ್ದ ಇಂಗ್ಲಿಷಿನಲ್ಲಿ 'ಇಗ್ರೀಜಿಯಸ್' ಆಗಿ, ಕಣ್ಣಿಗೆ ರಾಚುವ ತಪ್ಪಿಗೆ ಅಂಟಿಕೊಂಡಿದೆ. 16ನೇ ಶತಮಾನದ ಇಂಗ್ಲಿಷಿನಲ್ಲಿ ಎರಡೂ ಅರ್ಥಗಳು ಜೊತೆಗಿದ್ದವು. ಕಾಲ ಕಳೆದಂತೆ ಮೆಚ್ಚುಗೆ ಉದುರಿಹೋಗಿ ಬೈಗುಳವಷ್ಟೇ ಉಳಿಯಿತು.

ಭಯದ ಶಬ್ದಗಳ ಪಯಣ ಇನ್ನೂ ಸೊಗಸಾದದ್ದು. 'ಫಾರ್ಮಿಡೋ' ಎಂದರೆ ಲ್ಯಾಟಿನ್ನಿನಲ್ಲಿ ಹೆದರಿಕೆ. ಅದರಿಂದ ಬಂದ 'ಫಾರ್ಮಿಡಬಲ್' ಇಂಗ್ಲಿಷಿನಲ್ಲಿ ಎದುರಾಳಿಯ ಎದೆ ನಡುಗಿಸುವ ಗುಣವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಫ್ರೆಂಚರಿಗೋ 'ಫಾರ್ಮಿದಾಬ್ಲ್' ಎಂದರೆ ಅದ್ಭುತ! 'ಟೆರಿಫಿಕ್' ವಿಷಯದಲ್ಲಿ ಇಂಗ್ಲಿಷರೇ ಭಯದಿಂದ ಮೆಚ್ಚುಗೆಗೆ ದಾಟಿದರು. ಸ್ಪ್ಯಾನಿಷಿನ 'ತೆರ್ರೊರೀಫಿಕೊ' ಇವತ್ತಿಗೂ ಬೆಚ್ಚಿಬೀಳಿಸುವಂಥದ್ದೇ. 'ಭಯಂಕರ ಚೆನ್ನಾಗಿದೆ' ಎನ್ನುವ ಕನ್ನಡಿಗರಿಗೆ ಈ ದಾಟುವಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಅಕ್ಕಪಕ್ಕದ ಭಾಷೆಗಳೂ ಒಂದೇ ದಾರಿ ಹಿಡಿದಿಲ್ಲ. ಸ್ಪೇನಿನಲ್ಲಿ ಊಟ ರುಚಿಕಟ್ಟಾಗಿದ್ದರೆ 'ಎಕ್ಸ್‌ಕಿಸಿಟೊ' ಎನ್ನುತ್ತಾರೆ. ಗಡಿ ದಾಟಿ ಪೋರ್ಚುಗಲ್ಲಿಗೆ ಹೋದರೆ ಅದರ ಜೋಡಿ ಶಬ್ದ 'ಎಸ್ಕಿಜಿಟು'ಗೆ ಏನೋ ವಿಚಿತ್ರವಾಗಿದೆ ಎಂಬ ಅರ್ಥ. ಹುಡುಕಿ ಆರಿಸಿದ್ದು ಎಂಬುದು ಎರಡಕ್ಕೂ ಮೂಲ.

ಬಿರುದುಗಳ ಬಗೆಗೂ ತಪ್ಪು ತಿಳಿವಳಿಕೆ ಇದೆ. ಫ್ಲಾರೆನ್ಸಿನ ಧುರೀಣ ಲೊರೆಂಜೊ ದೆ ಮೆದಿಚಿಗೆ (1449–1492) 'ಇಲ್ ಮ್ಯಾಗ್ನಿಫಿಕೊ', ಅಂದರೆ ಭವ್ಯನಾದವನು, ಎಂಬ ಬಿರುದನ್ನು ವಿಶೇಷವಾಗಿ ಕೊಟ್ಟರೆಂದು ಭಾವಿಸುವವರಿದ್ದಾರೆ. ಆ ಕಾಲದ ಇಟಲಿಯಲ್ಲಿ ಗಣ್ಯರನ್ನು ಹಾಗೆ ಕರೆಯುವುದು ರೂಢಿಯೇ ಆಗಿತ್ತು. ಇವನ ಹೆಸರಿಗೆ ಮಾತ್ರ ಅದು ಶಾಶ್ವತವಾಗಿ ಅಂಟಿತು. ಇಟಲಿಯ ವಿಶ್ವವಿದ್ಯಾಲಯಗಳ ರೆಕ್ಟರುಗಳಿಗೆ ಈಗಲೂ ಇದೇ ಸಂಬೋಧನೆ ಸಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ತಿದ್ದಬೇಕೆಂದು ನನಗನಿಸುವುದು 'ಮೆಜೆಸ್ಟಿ' ಮೊದಲಿನಿಂದಲೂ ರಾಜರ ಸೊತ್ತು ಎಂಬ ಕಲ್ಪನೆಯನ್ನು. ರೋಮ್ ಗಣರಾಜ್ಯವಾಗಿದ್ದಾಗ 'ಮಾಯೆಸ್ತಾಸ್', ಅಂದರೆ ಆ ಘನತೆ, ರೋಮಿನ ಜನರದ್ದಾಗಿತ್ತು; ಅದಕ್ಕೆ ಕುಂದು ತರುವುದು ಅಪರಾಧವಾಗಿತ್ತು. ಚಕ್ರವರ್ತಿಗಳ ಆಳ್ವಿಕೆ ಬಂದಾಗ ಆ ಕಾನೂನು ಅವರ ಮಾನ ಕಾಯುವ ಕತ್ತಿಯಾಯಿತು. ಚಕ್ರವರ್ತಿ ತಿಬೇರಿಯಸ್‌ನ ಕಾಲದಲ್ಲಿ (ಕ್ರಿ.ಶ. 14–37) ಅದೇ ಆರೋಪದ ಮೇಲೆ ರೋಮಿನ ಪ್ರಜೆಗಳನ್ನೇ ವಿಚಾರಣೆಗೆ ಎಳೆದರು, ಕೆಲವರು ಪ್ರಾಣವನ್ನೂ ಕಳೆದುಕೊಂಡರು.