ಮುಳುಗಿದ ಹಡಗು, ಮುಳುಗಿ ಏಳುವ ಚರ್ಚು

ಮಾರ್ಚ್ ತಿಂಗಳಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚಿನೊಳಗೆ ನಡೆದೇ ಹೋಗಬಹುದು. ಕಾಲಡಿಯಲ್ಲಿ ಹೇಮಾವತಿಯ ಹೂಳು ಒಣಗಿ ಹಪ್ಪಳದ ಹಾಗೆ ಒಡೆದಿರುತ್ತದೆ. ನಡುನಡುವೆ ಬಿಳಿಚಿಕೊಂಡ ಬಸವನಹುಳುವಿನ ಚಿಪ್ಪು. ಕಂಬದ ಮೇಲೆ ಒಂದರ ಕೆಳಗೊಂದು ಅಡ್ಡಗೆರೆಗಳು ಕಾಣುತ್ತವೆ. ಒಂದೊಂದೂ ನೀರು ಕೆಲವು ದಿನ ನಿಂತು ಆಮೇಲೆ ಇಳಿದುಹೋದ ಗುರುತು. ಗಾರೆಯ ಮೇಲೆ ಬೆರಳಾಡಿಸಿದರೆ ಹಿಟ್ಟಿನಂತೆ ಉದುರುತ್ತದೆ. ಅದೇ ಜಾಗಕ್ಕೆ ಆಗಸ್ಟಿನಲ್ಲಿ ಹೋದರೆ, ಮಳೆ ಚೆನ್ನಾಗಿ ಹಿಡಿದ ವರ್ಷವಾದರೆ, ಗೋಡೆಯ ಮೇಲ್ಭಾಗ ಮಾತ್ರ ನೀರಿನಿಂದ ತಲೆ ಎತ್ತಿರುತ್ತದೆ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಇದು. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ ಹುಟ್ಟುವ ಹೇಮಾವತಿ ಸಕಲೇಶಪುರದ ಪೇಟೆಯನ್ನು ಹಾದು, ಸಕಲೇಶಪುರ, ಆಲೂರು ಗುಡ್ಡಗಳ ಹಳ್ಳಗಳನ್ನೆಲ್ಲ ಕೂಡಿಸಿಕೊಂಡು ಗೊರೂರಿಗೆ ಬರುತ್ತದೆ. 1979ರಲ್ಲಿ ಅಲ್ಲಿ ಅಣೆಕಟ್ಟು ಮುಗಿಯಿತು. ಜಲಾಶಯದ ಪೂರ್ಣಮಟ್ಟ 2922 ಅಡಿ, ಸಾಮರ್ಥ್ಯ 37 ಟಿಎಂಸಿಗೆ ತುಸು ಹೆಚ್ಚು. ಊರಿನ ಜನ ಎತ್ತರದ ಜಾಗಕ್ಕೆ ಹೋದರು, ಚರ್ಚು ಮಾತ್ರ ಹಿನ್ನೀರಿನಲ್ಲಿ ಉಳಿಯಿತು. ಅಂದಿನಿಂದ ಅದು ಮುಳುಗುತ್ತ ಏಳುತ್ತ ಬಂದಿದೆ. ಚಾವಣಿ ಹೋಗಿದೆ. ಈಚಿನ ವರ್ಷಗಳ ಮಳೆಗೆ ಗೋಡೆಯೂ ಅಲ್ಲಲ್ಲಿ ಕುಸಿದಿದೆ.

ಇನ್ನೊಂದು ಮುಳುಗಡೆಯ ಕಥೆ ಕೇಳಿ. ಕೆನಡಾದ ಹ್ಯೂರಾನ್ ಸರೋವರದ ಅಂಚಿನಲ್ಲಿ ಟೋಬರ್ಮೋರಿ ಎಂಬ ಸಣ್ಣ ಊರಿದೆ. ಅಲ್ಲಿನ ಬಿಗ್ ಟಬ್ ಎಂಬ ಕಿರುಬಂದರಿನಲ್ಲಿ ‘ಸ್ವೀಪ್‌ಸ್ಟೇಕ್ಸ್’ ಎಂಬ ಎರಡು ಪಟಸ್ತಂಭಗಳ ಮರದ ಹಡಗು 1885ರಿಂದ ಮಲಗಿದೆ. ಕಲ್ಲಿದ್ದಲು ಹೊತ್ತು ಹೊರಟಿದ್ದ ಅದು ಒಂದು ದ್ವೀಪದ ಬಳಿ ಪೆಟ್ಟು ತಿಂದಿತು. ಎಳೆದುಕೊಂಡು ಬಂದರೂ ದುರಸ್ತಿ ಮಾಡಲಾಗದೆ ಅಲ್ಲೇ ಮುಳುಗಿತು. ಆಳ ಆರು ಮೀಟರ್ ಆಸುಪಾಸು. ಗಾಳಿ ಅಲೆಗಳಿಗೆ ಮರೆಯಾದ ಜಾಗ, ತಿಳಿನೀರು. ಹಾಗಾಗಿ ಮುಳುಗಿದ ಹಡಗು ನೋಡುವ ಆಸೆಯಿರುವ ಹೊಸಬರಿಗೆ ಇದು ಮೊದಲ ಪಾಠಶಾಲೆಯ ಹಾಗೆ. ನೂರನಲವತ್ತು ವರ್ಷ ಕಳೆದರೂ ಅದರ ಮರದ ಒಡಲು ಇನ್ನೂ ಹಡಗಿನ ಆಕಾರದಲ್ಲೇ ಇದೆ.

ಮರದ ಹಡಗು ಉಳಿಯಿತು, ಇಟ್ಟಿಗೆ ಗಾರೆಯ ಚರ್ಚು ಉದುರುತ್ತಿದೆ. ಮರಕ್ಕಿಂತ ಗೋಡೆ ಗಟ್ಟಿಯಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೆ ಇಡೀ ವಿಷಯದ ತಿರುಳು ಕಾಣುವುದೇ ಇಲ್ಲಿ.

ಸಮುದ್ರದಲ್ಲಿ ಮರಕ್ಕೆ ದೊಡ್ಡ ಶತ್ರು ಹಡಗುಹುಳು. ಹೆಸರಿಗೆ ಹುಳು, ನಿಜದಲ್ಲಿ ಕಪ್ಪೆಚಿಪ್ಪಿನ ಬಳಗದ ಜೀವಿ. ಹಲಗೆಯೊಳಗೆ ಬಿಲ ಕೊರೆದು ಕೆಲವೇ ವರ್ಷಗಳಲ್ಲಿ ಜರಡಿ ಮಾಡಿಬಿಡುತ್ತದೆ. ಸಿಹಿನೀರಿನ ಸರೋವರದಲ್ಲಿ ಅದು ಬದುಕುವುದಿಲ್ಲ. ಉಳಿದ ಶತ್ರು ಮರ ಕೊಳೆಸುವ ಶಿಲೀಂಧ್ರ, ಅಂದರೆ ಅಣಬೆಯ ಜಾತಿ. ಅದಕ್ಕೆ ಗಾಳಿ ಬೇಕು. ಪೂರ್ತಿ ನೆನೆದು ನೀರು ಕುಡಿದ ಮರದಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ, ತಳದ ತಣ್ಣೀರಿನಲ್ಲಿ ಕೊಳೆಯುವಿಕೆ ಬಹಳ ನಿಧಾನ. ನಮ್ಮ ಬಾವಿಗಳ ತಳದಲ್ಲಿ ಹಿಂದಿನವರು ಇಟ್ಟ ಮರದ ಚೌಕಟ್ಟು ತಲೆಮಾರುಗಟ್ಟಲೆ ಬಾಳುವುದಕ್ಕೂ ಕಾರಣ ಇದೇ.

ಅಪಾಯ ಬರುವುದು ಹೊರಗೆ ತೆಗೆದಾಗ. ಸ್ವೀಡನ್ನಿನ ‘ವಾಸಾ’ ಯುದ್ಧನೌಕೆ 1628ರಲ್ಲಿ ಮುಳುಗಿ, ಹಡಗುಹುಳು ಬಾಳಲಾರದ ಬಾಲ್ಟಿಕ್ ಸಮುದ್ರದ ಸಪ್ಪೆನೀರಿನಲ್ಲಿ 333 ವರ್ಷ ಇತ್ತು. 1961ರಲ್ಲಿ ಮೇಲೆತ್ತಿದ ಮೇಲೆ ಅದನ್ನು ಸುಮ್ಮನೆ ಒಣಗಲು ಬಿಡಲಿಲ್ಲ. ಬಿಟ್ಟಿದ್ದರೆ ಮರದ ಸಣ್ಣ ಸಣ್ಣ ಕೋಶಗಳೊಳಗಿನ ನೀರು ಆರುವಾಗ ಕೋಶಗಳ ಗೋಡೆಯನ್ನೂ ಒಳಕ್ಕೆ ಎಳೆದು ಹಲಗೆ ಮುದುಡಿ ಸೀಳುತ್ತಿತ್ತು. ನೀರಿನ ಜಾಗದಲ್ಲಿ ಮೇಣದಂಥ ರಾಸಾಯನಿಕ ತುಂಬಿಸಲು ಹದಿನೇಳು ವರ್ಷ ಸಿಂಪಡಿಸಿದರು.

ಶೆಟ್ಟಿಹಳ್ಳಿಯ ಗೋಡೆಗೆ ಈ ಭಾಗ್ಯವಿಲ್ಲ. ಮಲೆನಾಡಿನ ಮಳೆನೀರಿನಲ್ಲಿ ಸುಣ್ಣದ ಅಂಶ ಕಡಿಮೆ. ಅಂಥ ಮೃದು ನೀರು ಗಾರೆಯ ಸುಣ್ಣವನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಗೋಡೆ ಒಣಗುವಾಗ ಇಟ್ಟಿಗೆಯ ರಂಧ್ರಗಳಲ್ಲಿ ಉಳಿದ ಲವಣ ಹರಳುಗಟ್ಟಿ ಹಿಗ್ಗುತ್ತದೆ, ಮೇಲ್ಪದರ ಸಿಪ್ಪೆಯಂತೆ ಏಳುತ್ತದೆ. ಬಿರುಕಿಗೆ ಬಿದ್ದ ಬೀಜ ಬೇರು ಇಳಿಸುತ್ತದೆ. ಮತ್ತೆ ನೀರು ಏರುವಾಗ ಅಲೆಯ ಹೊಡೆತ ಮೆಟ್ಟಿಲು ಮೆಟ್ಟಿಲಾಗಿ ಗೋಡೆಯ ಪ್ರತಿ ಮಟ್ಟಕ್ಕೂ ತಾಗುತ್ತದೆ. ಕಂಬದ ಮೇಲಿನ ಆ ಅಡ್ಡಗೆರೆಗಳೆಲ್ಲ ಹೀಗೆ ಪೆಟ್ಟು ಬಿದ್ದ ಲೆಕ್ಕ. ಚರ್ಚು ಇಷ್ಟು ವರ್ಷ ಪೂರ್ತಿ ಮುಳುಗೇ ಇದ್ದಿದ್ದರೆ, ಇಲ್ಲವೇ ಒಣಗೇ ಇದ್ದಿದ್ದರೆ, ಇದಕ್ಕಿಂತ ಗಟ್ಟಿಯಾಗಿ ಉಳಿಯುತ್ತಿತ್ತೆಂದು ನಾನು ನಂಬುತ್ತೇನೆ. ಗೋಡೆಯನ್ನು ಕೆಡವುತ್ತಿರುವುದು ನೀರಿನ ಏರಿಳಿತ.

ನೀರಿಗಿಳಿಯುವ ಮನುಷ್ಯನ ಮೈಯೂ ಇದೇ ಏರಿಳಿತಕ್ಕೆ ಅಂಜಬೇಕು. ಆಲೂರು ಕಡೆಯ ಕೆರೆಗಳಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರಿಗೆ ನೆನಪಿರಬಹುದು. ಬುರುಡೆ ಬಿಚ್ಚಿ ಮೊದಲ ಸಲ ತಳದ ಕೆಸರು ಮುಟ್ಟಿ ಬರಲು ಹೋದಾಗ, ಎರಡಾಳು ನೀರಿಲ್ಲದಿದ್ದರೂ, ಕಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ಅದುಮಿದಂತಾಗುತ್ತದೆ. ಒತ್ತಡದ ಪಾಲು ಅತಿ ಬೇಗ ಬದಲಾಗುವುದು ನೀರಿನ ಮೇಲ್ಭಾಗದಲ್ಲೇ. ಸಮುದ್ರದ ಮಟ್ಟದಲ್ಲಿ ಮೊದಲ ಹತ್ತು ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗಿ ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಅದೇ ಇಪ್ಪತ್ತರಿಂದ ಮೂವತ್ತಕ್ಕೆ ಹೋದರೆ ಮೂರನೇ ಒಂದು ಪಾಲು ಇದ್ದದ್ದು ಕಾಲು ಪಾಲಾಗುತ್ತದೆ, ಅಷ್ಟೆ. ಆದ್ದರಿಂದ ಆಳ ಕಡಿಮೆ ಎಂದು ಹೊಸಬರು ಮೈಮರೆಯುವಂತಿಲ್ಲ. ಸಿಲಿಂಡರಿನ ಗಾಳಿ ಉಸಿರಾಡುವವರು ಮೇಲೇರುವಾಗ ಉಸಿರು ಬಿಗಿಹಿಡಿಯಲೇಬಾರದು. ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು, ಅದಕ್ಕೆ ಕೆಲವೇ ಅಡಿ ಸಾಕು.

ಸಿಹಿನೀರಿಗೆ ಇನ್ನೆರಡು ವಿಶೇಷಗಳಿವೆ. ಸಮುದ್ರದ ನೀರಿಗಿಂತ ಶೇಕಡ ಎರಡೂವರೆಯಷ್ಟು ಹಗುರ, ಹಾಗಾಗಿ ಅಲ್ಲಿ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕ ಕೆಲವು ಕಿಲೋ ಕಡಿಮೆ ಸಾಕು. ಎರಡನೆಯದು, ಸರೋವರಗಳು ಬೆಟ್ಟದ ಮೇಲೂ ಇರುತ್ತವೆ. ಗೊರೂರು ಜಲಾಶಯ ತುಂಬಿದಾಗ ಅದರ ಮೈ ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಯ ಹತ್ತರಲ್ಲಿ ಒಂಬತ್ತು ಪಾಲು. ಒತ್ತಡ ಇಮ್ಮಡಿಯಾಗಲು ಅಲ್ಲಿ ಒಂಬತ್ತೂ ಚಿಲ್ಲರೆ ಮೀಟರ್ ಸಾಕು. 300 ಮೀಟರಿಗಿಂತ ಎತ್ತರದ ನೀರಿಗೆ ಡೈವಿಂಗ್ ಶಾಲೆಗಳು ಬೇರೆಯೇ ಲೆಕ್ಕ ಹಾಕುವುದು ಇದಕ್ಕೇ. ಅಂದಹಾಗೆ, ಹೇಮಾವತಿ ಹಿನ್ನೀರಿನಲ್ಲಿ ಮುಳುಗಲು ಯಾರೂ ಹೋಗಬಾರದು. ಮಳೆಗಾಲದಲ್ಲಿ ಕೆಂಪು ಹೂಳಿನಿಂದ ಚಾಚಿದ ಕೈಯೇ ಕಾಣುವುದಿಲ್ಲ, ಬಲೆಗಳಿವೆ, ಹಳೆಯ ಮರದ ಬುಡಗಳಿವೆ, ಬೀಳಲು ಕಾದ ಗೋಡೆಗಳಿವೆ.

ನಮ್ಮ ಕಡೆಯವರು ಡೈವಿಂಗ್ ಕಲಿಯಲು ಹೋಗುವುದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ. ಅಲ್ಲಿಂದ ಸಕಲೇಶಪುರಕ್ಕೆ ವಾಪಸು ಬರುವವರಿಗೆ ಈ ಎತ್ತರದ ಲೆಕ್ಕ ತಿಳಿದಿರಲೇಬೇಕು. ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಕರಗಿ ಕುಳಿತಿರುತ್ತದೆ, ನಿಧಾನವಾಗಿ ಹೊರಬರುತ್ತದೆ. ಸುತ್ತಲಿನ ಒತ್ತಡ ತಟ್ಟನೆ ಇಳಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಅದರ ಪರಿಣಾಮ. ಒಂದು ಸಲ ಮುಳುಗಿದವರು ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ಸಲಹೆ. ಸುಮಾರು 600 ಮೀಟರ್ ಎತ್ತರದಿಂದಲೇ ಆ ಎಚ್ಚರ ಶುರು, ಸಕಲೇಶಪುರ ಇರುವುದು 950 ಮೀಟರ್ ಆಸುಪಾಸಿನಲ್ಲಿ. ಶಿರಾಡಿ ಘಾಟಿ ಹತ್ತುವಾಗ ಕಿವಿ ‘ಟಪ್’ ಎನ್ನುವುದು ಇದೇ ಒತ್ತಡ ಇಳಿಯುವುದರಿಂದ. ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿದವರು ಆ ರಾತ್ರಿ ಕರಾವಳಿಯಲ್ಲೇ ಉಳಿದು, ಮರುದಿನ ತಿಂಡಿ ಮುಗಿಸಿಕೊಂಡು ಗುಂಡ್ಯದಿಂದ ಘಾಟಿ ಹತ್ತಿದರೆ ಸಾಕು.