ನಿಮಗಿದು ಗೊತ್ತೆ? ಮರದ ಆಟಿಕೆ, ಬಣ್ಣದ ಅಪಾಯ

ಮಾಣಿಕನಗರದ ಮಾಣಿಕಪ್ರಭು ಜಾತ್ರೆಯಲ್ಲಿ ಮಗುವಿಗೆ ಮರದ ಆಟಿಕೆ ಕೊಳ್ಳುವವರು ಮರಕ್ಕಿಂತ ಬಣ್ಣವನ್ನು ನೋಡಬೇಕು. ಪುಟ್ಟ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಚೀಪುತ್ತವೆ. ಬಣ್ಣದಲ್ಲಿ ಸೀಸವಿದ್ದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು. ‘ನಾವೂ ಇಂಥವನ್ನೇ ಚೀಪಿ ಬೆಳೆದೆವು, ಏನಾಯಿತು?’ ಎನ್ನುವವರಿದ್ದಾರೆ. ಆದರೆ ಸೀಸದ ಹಾನಿ ಹೊರಗೆ ಕಾಣದು, ಅಪಾಯವಿಲ್ಲದ ಪ್ರಮಾಣವೆಂಬುದೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚನ್ನಪಟ್ಟಣದ ಸಾಂಪ್ರದಾಯಿಕ ಕ್ರಮವೇ ಬೇರೆ: ತಿರುಗುವ ಆಲೆ ಮರದ ತುಂಡಿಗೆ ಸಸ್ಯಜನ್ಯ ಬಣ್ಣ ಬೆರೆಸಿದ ಅರಗನ್ನು ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯಿದೆ. ಆದ್ದರಿಂದ ಗುರುತಿಲ್ಲದ್ದೆಲ್ಲ ಕೆಟ್ಟದ್ದಲ್ಲ. ಬಳಿದದ್ದು ಅರಗೋ ಪೇಂಟೋ ಎಂದು ಮಾರುವವರನ್ನೇ ಕೇಳಿ. ಬಣ್ಣ ಸುಲಿಯುತ್ತಿದ್ದರೆ, ಚಿಕ್ಕ ಬಿಡಿಭಾಗ ಕಳಚುವಂತಿದ್ದರೆ ಕೊಳ್ಳಬೇಡಿ.