ತಾಪ್ಕೀರ್ ಗಲ್ಲಿಯಲ್ಲಿ ಪಿನ್ನು ಆರಿಸುವಾಗ

ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ, ಪುಣೆಗೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ ಹಾಗೆ. ಅಲ್ಲಿ ಐಸಿ ಸಾಕೆಟ್ ಕೇಳಿದರೆ ಎದುರಾಗುವ ಪ್ರಶ್ನೆ: ‘ಸಾಧಂ ದೇವೂ ಕೀ ರೌಂಡ್ ಪಿನ್?’ ಮನೆಯಲ್ಲೇ ಎರಡು ಬದಿಯ ಸರ್ಕ್ಯೂಟ್ ಬೋರ್ಡ್ ತಯಾರಿಸುವವರು ಇದಕ್ಕೆ ಯೋಚಿಸಿ ಉತ್ತರಿಸಬೇಕು.

ಕಾರ್ಖಾನೆಯ ಬೋರ್ಡಿನಲ್ಲಿ ತೂತಿನ ಒಳಗೋಡೆಗೂ ತಾಮ್ರದ ಲೇಪವಿರುತ್ತದೆ. ಕೆಳಗೆ ಬೆಸೆದರೆ ಮೇಲಿನ ಗೆರೆಗೂ ಸಂಪರ್ಕ ಸಿಗುತ್ತದೆ. ಫೆರಿಕ್ ಕ್ಲೋರೈಡಿನಲ್ಲಿ ನಾವು ಕೊರೆದ ಬೋರ್ಡಿಗೆ ಆ ಲೇಪವಿಲ್ಲ. ಅಲ್ಲಿ ಪಿನ್ನೇ ಸೇತುವೆ. ಮೇಲೂ ಗೆರೆ ಬಂದಿದ್ದರೆ ಎರಡೂ ಕಡೆ ಬೆಸುಗೆ ಬೇಕು.

ಸಾದಾ ಸಾಕೆಟ್‌ನ ಪ್ಲಾಸ್ಟಿಕ್ ಬೋರ್ಡಿಗೆ ಒತ್ತಿ ಕೂರುವುದರಿಂದ ಮೇಲ್ಬದಿಗೆ ಕಾವಿನ ಮೊನೆ ತಲುಪುವುದಿಲ್ಲ. ಲೇತ್‌ನಲ್ಲಿ ಕಡೆದ ರೌಂಡ್ ಪಿನ್ನಿಗೆ ಪ್ಲಾಸ್ಟಿಕ್ಕಿನ ಕೆಳಗೆ ಸಣ್ಣ ಭುಜವಿದೆ. ಅದು ಸಾಕೆಟನ್ನು ತುಸು ಎತ್ತಿ ಹಿಡಿಯುತ್ತದೆ. ಆ ಸಂದಿಯಲ್ಲಿ ಚೂಪು ಮೊನೆ ಆಡುತ್ತದೆ. ಒಂಟಿ ಸಾಲಿನ ಪಟ್ಟಿ ಇನ್ನೂ ಒಳ್ಳೆಯದು. 28 ಪಿನ್ನಿನ ಐಸಿಗೆ 14ರ ಎರಡು ತುಂಡು ಮುರಿದುಕೊಂಡು, ಒಂದು ಸಾಲನ್ನು ಮೇಲೆ ಕೆಳಗೆ ಪೂರ್ತಿ ಬೆಸೆದ ಮೇಲೆ ಇನ್ನೊಂದನ್ನು ಕೂರಿಸಿ. ಸಾಲುಗಳ ಅಂತರ ತಪ್ಪದಂತೆ ಕೆಟ್ಟ ಐಸಿಯೊಂದನ್ನು ಸಿಕ್ಕಿಸಿಡಿ.

ರೌಂಡ್ ಪಿನ್ನಿನ ಬಾಲ ಸುಮಾರು 0.5 ಮಿ.ಮೀ. ದಪ್ಪ; 0.8 ಮಿ.ಮೀ. ತೂತು ಸಾಕು. ಸೆನ್ಸರ್ ಮಾಡ್ಯೂಲುಗಳ ಚೌಕ ಪಿನ್ನು 0.64 ಮಿ.ಮೀ. ಇರುತ್ತದೆ. ಅದನ್ನು ರೌಂಡ್ ಸಾಕೆಟ್‌ಗೆ ತುರುಕಿದರೆ ಒಳಗಿನ ಸ್ಪ್ರಿಂಗ್ ಸಡಿಲವಾಗುತ್ತದೆ. ಅದಕ್ಕೆ ಮಾಮೂಲಿ ಫೀಮೇಲ್ ಹೆಡರ್ ಹಾಕಿ, ಗೆರೆಗಳನ್ನೆಲ್ಲ ಕೆಳಬದಿಯಿಂದಲೇ ತನ್ನಿ. ಮೇಲಕ್ಕೆ ದಾಟಿಸಬೇಕಾದಲ್ಲಿ ಪಕ್ಕದಲ್ಲಿ ತೂತು ಕೊರೆದು, ತಂತಿ ತೂರಿಸಿ ಎರಡೂ ಕಡೆ ಬೆಸೆಯಿರಿ.

ರೌಂಡ್ ಪಿನ್ನಿನ ಬೆಲೆ ಹೆಚ್ಚು, ನಿಜ. ಮೇಲಿನ ಗೆರೆಗಳನ್ನು ಸಾಕೆಟ್‌ಗೆ ತರದೆ ರೆಸಿಸ್ಟರ್ ಕಾಲುಗಳಿಗೆ ಮುಟ್ಟಿಸಿದರೆ ಸಾದಾ ಸಾಕೆಟ್ಟೂ ನಡೆಯುತ್ತದೆ. ರೆಸಿಸ್ಟರ್ ಕಾಲನ್ನು ಎರಡೂ ಕಡೆ ಬೆಸೆಯುವುದು ಸುಲಭ.

ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ? ನಮ್ಮಂಥವರು ರಜೆಗೆ ಹೋದಾಗ ಊರಿನ ಟ್ಯಾಂಕಿಗೋ ತೋಟದ ಪಂಪಿಗೋ ಇಂಥ ಬೋರ್ಡು ಕೂರಿಸಿ ಬರುತ್ತೇವೆ. ವೋಲ್ಟೇಜ್ ಏರಿ ಐಸಿ ಸುಟ್ಟರೆ ಕೊರಿಯರ್‌ನಲ್ಲಿ ಹೊಸದು ಕಳಿಸಬಹುದು. ಸಾಕೆಟ್ ಇದ್ದರೆ ತಮ್ಮನೇ ಬದಲಿಸುತ್ತಾನೆ. ಆದರೆ ಮೇಲ್ಬದಿಯ ಬೆಸುಗೆ ಅರೆಬರೆಯಾಗಿದ್ದರೆ ಬೋರ್ಡು ಇಲ್ಲಿ ಮೇಜಿನ ಮೇಲೆ ಸರಿಯಾಗಿ ನಡೆದು, ಅಲ್ಲಿ ಪಂಪಿನ ನಡುಕಕ್ಕೆ ಕೈಕೊಡುತ್ತದೆ. ಒಮ್ಮೆ ಹತ್ತಿ ಒಮ್ಮೆ ಆರುವ ದೋಷವನ್ನು ‘ಕೆಂಪು ಲೈಟ್ ಹತ್ತಿದೆಯೇನೋ?’ ಎಂದು ಫೋನಿನಲ್ಲಿ ಕೇಳಿ ಹಿಡಿಯಲಾಗದು. ಅಷ್ಟರಲ್ಲಿ ಪೈರು ಬಾಡಿರುತ್ತದೆ.

ಆದ್ದರಿಂದ ಐಸಿ ಹಾಕುವ ಮೊದಲೇ ಮಲ್ಟಿಮೀಟರನ್ನು ಬೀಪ್‌ಗಿಟ್ಟು, ಸಾಕೆಟ್‌ನ ಪ್ರತಿ ಪಿನ್ನಿನಿಂದ ಅದರ ಮೇಲಿನ ಗೆರೆಯ ತುದಿಗೂ ಕೆಳಗಿನ ಗೆರೆಯ ತುದಿಗೂ ಮುಟ್ಟಿಸಿ ನೋಡಿ. ಬೆಸುಗೆಯ ಗುಂಡಿನ ಮೇಲಲ್ಲ, ಗೆರೆಯ ದೂರದ ತುದಿಯಲ್ಲಿ. ಸದ್ದು ಬಂದರೆ ಮಾತ್ರ ಊರಿನ ಬ್ಯಾಗಿಗೆ ಹಾಕಿ.